ಅಕ್ಕೋರ ಮೂಗು

ನಮ್ಮೂರಿನ ಹೆಂಗಸರು ಆ ಒಬ್ಬರನ್ನು ಕಂಡರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಮರ್ಯಾದೆಗಲ್ಲ, ನಾಚಿಕೆಗೂ ಅಲ್ಲ, ಹೆದರಿಕೆಗೆ. ಗಂಡಸರು ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಳ್ಳುವ ನೆಪ ಮಾಡಿ ದಾಟಿ ಹೋಗುತ್ತಿದ್ದರು. ಹೀಗೆ ಊರನ್ನು ಹೆದರಿಸಿದವರು ಮಾಟ ಮಾಡುವವರಲ್ಲ, ಮೈಮೇಲೆ ದೇವರು ಬರುವವರೂ ಅಲ್ಲ. ಪ್ರಾಥಮಿಕ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಮಗ್ಗಿ ಕಲಿಸುತ್ತಿದ್ದ ಒಬ್ಬ ಶಿಕ್ಷಕಿ.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೇಳಿದವನು ಅವರ ಹಳೆಯ ವಿದ್ಯಾರ್ಥಿ, ಈಗ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವನು. ಸುದ್ದಿ ಹೇಳುವಾಗಲೂ ಅವನ ಅಂಗೈ ತಾನಾಗಿಯೇ ಬಾಯಿಯ ಹತ್ತಿರ ಹೋಯಿತು. ಸತ್ತವರಿಗೂ ಹೆದರುತ್ತೀಯಲ್ಲೋ ಎಂದು ಬೈದು ಕಳಿಸಿದೆ. ಇದನ್ನು ಬರೆಯಲು ಕೂತದ್ದು ಅದೇ ಸಿಟ್ಟಿನಲ್ಲಿ. ಹೆಸರು ಬರೆಯುವುದಿಲ್ಲ, ಏಕೆಂದರೆ ನಾವು ಯಾರೂ ಅವರನ್ನು ಹೆಸರಿನಿಂದ ಕರೆದವರಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಅವರು ನಮಗೆ ಅಕ್ಕೋರು, ಅಷ್ಟೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕಲಘಟಗಿಯಿಂದ ದುಮ್ಮವಾಡದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ನಾನು ಅಲ್ಲೇ ಹುಟ್ಟಿ, ಅಲ್ಲೇ ಕಲಿತು, ಅದೇ ಶಾಲೆಗೆ ಮಾಸ್ತರನಾಗಿ ಸೇರಿದ್ದೆ. ಹೀಗಾಗಿ ಊರಿನಲ್ಲಿ ನನಗೆ ಅರ್ಧ ಮಾಸ್ತರನ ಮರ್ಯಾದೆ, ಅರ್ಧ ಹುಡುಗನ ಬೈಗುಳ. ಅಕ್ಕೋರು ಧಾರವಾಡದಿಂದ ವರ್ಗವಾಗಿ ಬಂದವರು, ನಲವತ್ತರ ಆಚೆಯ ವಯಸ್ಸು. ಗಂಡ ರೈಲ್ವೆಯಲ್ಲಿ, ಗುಂತಕಲ್ಲಿನ ಕಡೆ ಎಲ್ಲೋ, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮಕ್ಕಳಿರಲಿಲ್ಲ. ನಮ್ಮ ಮನೆಯ ಮುಂದಿನ ಖೋಲಿಯನ್ನು ಅಪ್ಪ ಅವರಿಗೆ ಬಾಡಿಗೆಗೆ ಕೊಟ್ಟ.

ಬಂದ ದಿನ ಅವರ ಟ್ರಂಕು ಹೊತ್ತು ಒಳಗಿಟ್ಟವನು ನಾನೇ. ಇಟ್ಟವನು ಸುಮ್ಮನೆ ಹೋಗದೆ, ದೊಡ್ಡ ಅನುಭವಸ್ಥನ ಗತ್ತಿನಲ್ಲಿ ಶಾಲೆಯ ವಿಷಯ ಹೇಳತೊಡಗಿದೆ. ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಮಾಸ್ತರ, ಉಳ್ಳಾಗಡ್ಡಿ ತಿನ್ರಿ, ನಾ ಬ್ಯಾಡ ಅನ್ನೂದಿಲ್ಲ. ತಿಂದಮ್ಯಾಲೆ ಬಾಯಿ ಮುಕ್ಕಳಿಸ್ರಿ. ಹುಡುಗೂರ ಮುಂದ ನಿಂತು ಪಾಠ ಹೇಳವ್ರು ನೀವು" ಎಂದರು.

ನನ್ನ ಮುಖ ಸಣ್ಣದಾಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಜೋರಾಗಿ ನಕ್ಕಳು. ಅವ್ವನಿಗೂ ಅಕ್ಕೋರಿಗೂ ಆ ನಗೆಯಿಂದಲೇ ಸ್ನೇಹವಾಯಿತು.

ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ನಾವು ಮಾಸ್ತರರು ಮಕ್ಕಳ ಉಗುರು, ಅಂಗಿಯ ಗುಂಡಿ ನೋಡುತ್ತಿದ್ದೆವು. ಅಕ್ಕೋರು ಹಾಗಲ್ಲ. ಬಾಗಿ, ತಮ್ಮ ಮುಖವನ್ನು ಮಗುವಿನ ಮುಖಕ್ಕೆ ತೀರಾ ಹತ್ತಿರ ತಂದು "ಹಾ ಅನ್ನು" ಎನ್ನುತ್ತಿದ್ದರು. ಮಗು ಏನಾದರೂ ಸಮಜಾಯಿಷಿ ಕೊಡಲು ಹೋದರೆ "ಉಸಿರ ಬಿಡು, ಮಾತ ಬ್ಯಾಡ" ಎಂದು ಗದರುತ್ತಿದ್ದರು. ಕಂಡದ್ದನ್ನು ನಾಲ್ಕು ಜನರ ಮುಂದೆ ಹೇಳುತ್ತಿರಲಿಲ್ಲ. ಕಿವಿಯಲ್ಲಿ ಹೇಳಿ ಮುಂದಿನ ಮಗುವಿಗೆ ಹೋಗುತ್ತಿದ್ದರು.

ಬೇವಿನ ಕಡ್ಡಿಯ ತುದಿಯನ್ನು ಜಗಿದು ಕುಂಚದಂತೆ ಮಾಡುವುದು, ಹಲ್ಲು ತಿಕ್ಕಿದ ಮೇಲೆ ಅದೇ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಗ್ಗಿಸಿ ನಾಲಿಗೆ ಕೆರೆಯುವುದು, ಉಂಡಾಗಲೆಲ್ಲ ಮುಕ್ಕಳಿಸುವುದು, ರಾತ್ರಿ ಉಪ್ಪುನೀರಿನಿಂದ ಬಾಯಿ ತೊಳೆದ ಮೇಲೆ ನೀರಲ್ಲದೆ ಬೇರೇನೂ ಬಾಯಿಗೆ ಹಾಕದಿರುವುದು, ಇಷ್ಟನ್ನು ಅವರು ಮಗ್ಗಿಯ ಜೊತೆಗೇ ಕಲಿಸಿದರು. "ಹಲ್ಲಿಗೆ ಅಷ್ಟ ಉಪಚಾರ ಮಾಡ್ತೀರಿ, ನಾಲಿಗಿ ಏನ ಪಾಪ ಮಾಡಿತ್ತು?" ಎಂದು ದೊಡ್ಡವರನ್ನೂ ಕೇಳುತ್ತಿದ್ದರು. ಲವಂಗ, ಯಾಲಕ್ಕಿ ಬಾಯಿಗೆ ಹಾಕಿಕೊಂಡು ಬರುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹೊಲಸಿನ ಮೇಲೆ ರಂಗೋಲಿ ಹಾಕಿ ಏನು ಮಾಡುತ್ತೀರಿ ಎನ್ನುತ್ತಿದ್ದರು.

ಅವರ ಮೂಗು ಎಂಥದ್ದೆಂದು ನನಗೆ ಗೊತ್ತಾದದ್ದು ಒಬ್ಬ ಹುಡುಗಿಯಿಂದ. ಹಲ್ಲು ಫಳಫಳ ಹೊಳೆಯುತ್ತಿತ್ತು, ನಾಲಿಗೆ ಶುಭ್ರವಾಗಿತ್ತು, ಆದರೂ ಬಾಯಿ ವಾಸನೆ. ಬಾಯಿ ತೊಳೆದೇ ಬಂದೆ ಎಂದ ಅವಳನ್ನು ನಾನು ಸುಳ್ಳಿ ಎಂದು ಬೈದೆ. ಅಕ್ಕೋರು ಇನ್ನೊಮ್ಮೆ ಮೂಸಿ, "ಇದು ಬಾಯಿದಲ್ಲ ಮಾಸ್ತರ, ಖಾಲಿ ಹೊಟ್ಟಿದು" ಎಂದು ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಹೋದರು. ಅವ್ವ ಹಾಕಿದ ರೊಟ್ಟಿಯನ್ನು ಆ ಹುಡುಗಿ ತಿಂದ ರೀತಿ ನೋಡಿ ನಾನು ಹೊರಗೆ ಎದ್ದು ಬಂದೆ. ಅವಳ ಮನೆಯಲ್ಲಿ ಹಿಂದಿನ ದಿನ ಒಲೆ ಹೊತ್ತಿರಲಿಲ್ಲ.

ಆಗ ಊರಿಗೂ ಅವರೆಂದರೆ ಪ್ರೀತಿ. ಅದು ಕೆಟ್ಟದ್ದು ಕಬ್ಬಿನ ಸಾವುಕಾರನಿಂದ. ಆಗಸ್ಟ್ ಹದಿನೈದಕ್ಕೆ ಝೆಂಡಾ ಏರಿಸಲು ಅವನನ್ನು ಕರೆದಿದ್ದೆವು. ಕಾಲಿನಲ್ಲಿ ಮಾಯದ ಗಾಯ, ಮೇಲಿಂದ ಮೇಲೆ ನೀರು ಕುಡಿಯುತ್ತಿದ್ದ. ಹಾರದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಅಕ್ಕೋರು ಸಭೆ ಮುಗಿದ ಮೇಲೆ ಮೆಲ್ಲಗೆ, "ಸಾವಕಾರ, ನಿಮ್ಮ ಉಸಿರಿಗೆ ಕೊಳತ ಹಣ್ಣಿನ ವಾಸನಿ ಅದರಿ. ಸಕ್ಕರಿ ಬ್ಯಾನಿ ಇರಬೇಕು. ಹುಬ್ಬಳ್ಳಿಗೆ ಹೋಗಿ ತಪಾಸ ಮಾಡಿಸ್ರಿ, ತಡಾ ಮಾಡಬ್ಯಾಡ್ರಿ" ಎಂದರು.

ಸಾವುಕಾರ ಹೊಟ್ಟೆ ಕುಲುಕಿಸಿ ನಕ್ಕ. "ಕೇಳಿದ್ರೇನಪಾ, ಅಕ್ಕೋರು ನನ್ನ ಬಾಯಾಗ ಹಣ್ಣ ಹುಡಕ್ಯಾರ! ಕಬ್ಬ ಬೆಳೆಯಾಂವನ ಬಾಯಿ ಸಿಹಿ ಇರಲಾರ್ದ ಖಾರ ಇರತೈತೇನು?" ಎಂದು ಎಲ್ಲರಿಗೂ ಸಾರಿದ. ಎಲ್ಲರೂ ನಕ್ಕರು. ಅವನ ಕಬ್ಬು ಕಡಿಯುವ ಮೊದಲೇ ಒಂದು ಮುಂಜಾನೆ ಎಚ್ಚರ ತಪ್ಪಿ ಬಿದ್ದ. ಜೀಪಿನಲ್ಲಿ ಹಾಕಿಕೊಂಡು ಹೋದವರು ಸಂಜೆ ಹೆಣ ತಂದರು.

ಹುಬ್ಬಳ್ಳಿಗೆ ಹೋಗು ಎಂದು ಅಕ್ಕೋರು ಹೇಳಿದ್ದನ್ನು ಊರು ಮರೆತೇಬಿಟ್ಟಿತು. ನೆನಪಿಟ್ಟುಕೊಂಡದ್ದು ಒಂದೇ: ಅಕ್ಕೋರು ಮೂಸಿದರು, ಸಾವುಕಾರ ಸತ್ತ. ಆಮೇಲೆ ತೊಂಬತ್ತು ದಾಟಿದ ಮುದುಕನೊಬ್ಬ ಸತ್ತ, ಅದೂ ಅವರ ತಲೆಗೇ ಬಂತು. ಹಾವು ಕಡಿದು ಸತ್ತವನೂ ಹಿಂದಿನ ವಾರ ಅವರ ಎದುರು ಆಕಳಿಸಿದ್ದನಂತೆ. ನಾನು ಕಟ್ಟೆಗೆ ಹೋಗಿ ಜಗಳವಾಡಿ ಬಂದೆ. ಕಟ್ಟೆಯ ಮೇಲೆ ಕೂತವರು ತಲೆಯಾಡಿಸಿ ಕೇಳಿದರು, ನಾನು ಎದ್ದ ಮೇಲೆ ಮತ್ತೆ ಅದೇ ಮಾತು. ಶಾಲೆಯಲ್ಲಿ ಅಕ್ಕೋರು ಬಾಗಿದರೆ ಮಕ್ಕಳು ತುಟಿ ಬಿಗಿಹಿಡಿದು ಕಣ್ಣು ಕೆಂಪು ಮಾಡಿಕೊಂಡು ನಿಲ್ಲುತ್ತಿದ್ದವು. ಮನೆಯಲ್ಲಿ ತಾಯಂದಿರು ಹೇಳಿ ಕಳಿಸಿದ ಪಾಠ ಅದು.

ಇನ್ನು ನಮ್ಮವ್ವನ ವಿಷಯ. ಅವ್ವ ಹಲ್ಲಿಗೆ ಮಿಸ್ರಿ ಹಚ್ಚುತ್ತಿದ್ದಳು. ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕರಕಾಗುವ ತನಕ ಹುರಿದು ಪುಡಿ ಮಾಡಿದರೆ ಮಿಸ್ರಿ. ಬೆಳಗಾದರೆ ಹಿತ್ತಲಿನ ಗಿಡ್ಡ ಗೋಡೆಯ ಈಚೆ ಅವ್ವ, ಆಚೆ ಪಕ್ಕದ ಮನೆಯ ಗಂಗವ್ವ, ಇಬ್ಬರೂ ತೋರುಬೆರಳನ್ನು ಬಾಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಕ್ಕೋರು ಮೊದಲಿನಿಂದಲೂ ಬೇಡವೆಂದು ಹೇಳುತ್ತಲೇ ಇದ್ದರು.

"ಅವ್ವಾರ, ಅದು ತಂಬಾಕ ಅಲ್ರೀ?"

"ತಂಬಾಕ ಎಲ್ಲಿ ಉಳದೈತ್ರಿ ಅಕ್ಕೋರ? ಸುಟ್ಟ ಕರಕ ಮಾಡೇನಲ್ಲ! ಬೆಂಕಿ ಕಂಡಮ್ಯಾಲೆ ಅದ್ರಾಗಿನ ಕೆಟ್ಟದ್ದೆಲ್ಲಾ ಹೋತು. ಹಲ್ಲ ಗಟ್ಟಿ ಅಕ್ಕಾವು, ಬಾಯಿ ನಾರೂದಿಲ್ಲ" ಎನ್ನುತ್ತಿದ್ದಳು ಅವ್ವ. ಬೆಂಕಿಗೆ ಹಾಕಿದ್ದು ಶುದ್ಧವಾಗುತ್ತದೆ ಎಂಬುದರಲ್ಲಿ ನಮ್ಮ ಓಣಿಯ ಯಾವ ಹೆಂಗಸಿಗೂ ಸಂಶಯವಿರಲಿಲ್ಲ. ಗೋಡೆಯಾಚೆಯಿಂದ ಗಂಗವ್ವ "ಹೌದ ಮತ್ತ" ಎಂದು ದನಿಗೂಡಿಸುತ್ತಿದ್ದಳು.

ಸಾವುಕಾರ ಸತ್ತ ಮರುವರ್ಷ ನಮ್ಮ ಅಡಿಗೆ ಮನೆಯಲ್ಲಿ ಏನೋ ವಾಸನೆ ಬರತೊಡಗಿತು. ಗೋಡೆಯ ಸಂದಿನಲ್ಲಿ ಇಲಿ ಸತ್ತರೆ ಬರುವಂಥದ್ದು. ಅಪ್ಪನೂ ನಾನೂ ಸೇರಿ ಜೋಳದ ಚೀಲಗಳನ್ನೆಲ್ಲ ಹೊರಗೆ ಎಳೆದು, ಮೂಲೆ ಮೂಲೆ ಕೆದರಿ ಹುಡುಕಿದೆವು. ಇಲಿ ಸಿಗಲಿಲ್ಲ. ನಾವು ಹುಡುಕುವಷ್ಟು ಹೊತ್ತೂ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾಯಿಯ ಮೇಲೆ ಸೆರಗು ಇತ್ತು. ನಾನು ಅವಳ ಕಣ್ಣು ನೋಡಿದೆ, ವಾಸನೆ ಎಲ್ಲಿಂದ ಬರುತ್ತಿದೆಯೆಂದು ತಿಳಿಯಿತು.

ಅಂದಿನಿಂದ ಮನೆಯಲ್ಲಿ ಲವಂಗದ ಘಮ. ಅವ್ವ ಅಜಿವಾನದ ಕಾಳು ಜಗಿದಳು, ಪೇರಲ ಗಿಡದ ಎಳೆ ಎಲೆ ಜಗಿದಳು, ಪಟಿಕದ ನೀರಿನಿಂದ ಮುಕ್ಕಳಿಸಿದಳು. ಮಿಸ್ರಿಯನ್ನು ಮೊದಲು ದಿನಕ್ಕೊಮ್ಮೆ ಹಚ್ಚುತ್ತಿದ್ದವಳು ಈಗ ಹೊತ್ತು ಹೊತ್ತಿಗೆ ಹಚ್ಚತೊಡಗಿದಳು, ವಾಸನೆ ಹೋಗಲೆಂದು. ಖಾರ ತಿಂದರೆ ಕಣ್ಣಲ್ಲಿ ನೀರು ತರುತ್ತಿದ್ದಳು. ದವಾಖಾನೆಗೆ ಹೋಗೋಣ ಎಂದರೆ ಹಲ್ಲುನೋವು, ತಾನೇ ಹೋಗುತ್ತದೆ ಎನ್ನುತ್ತಿದ್ದಳು. ಅಕ್ಕೋರ ಖೋಲಿಗೆ ಹೋಗಿ ರೊಟ್ಟಿ ಕೊಟ್ಟು ಹರಟೆ ಹೊಡೆದು ಬರುವ ರೂಢಿಯನ್ನೂ ಬಿಟ್ಟಳು. ಹೊಸ್ತಿಲ ಮೇಲೆ ರೊಟ್ಟಿ ಇಟ್ಟು, ಬಾಗಿಲ ಮರೆಯಿಂದ "ಇಟ್ಟೇನ್ರಿ" ಎಂದು ಕೂಗಿ ಬರುತ್ತಿದ್ದಳು.

ಒಂದು ದಿನ ಶಾಲೆಯಿಂದ ಬರುವಾಗ ಅಕ್ಕೋರು ನನ್ನನ್ನು ಕೇಳಿದರು. "ಮಾಸ್ತರ, ಮನ್ಯಾಗ ಲವಂಗ ಭಾಳ ಖರ್ಚಾಗ್ತಾವೇನ್ರಿ?"

ನಾನು ಹೌದೆಂದೆ. ಇಲಿ ಹುಡುಕಿದ್ದನ್ನೂ ಹೇಳಿದೆ. ಅವರು ದಾರಿಯಲ್ಲೇ ನಿಂತುಬಿಟ್ಟರು. ನಮ್ಮನ್ನು ದಾಟಿ ಹೋದ ಹೆಂಗಸೊಬ್ಬಳು ಸೆರಗನ್ನು ಬಾಯಿಗೇರಿಸಿದಳು. ಅಕ್ಕೋರು ಆಕೆಯನ್ನು ನೋಡಲಿಲ್ಲ.

"ನನ್ನ ಹಂತ್ಯಾಕ ಬರವಲ್ರು ಅವ್ವಾರು. ಬಂದ್ರ ಗೊತ್ತಾಗತದ ಅಂತ. ನೀವ ಹೇಳ್ರಿ, ಲಗೂನ ಹುಬ್ಬಳ್ಳಿಗೆ ಕರಕೊಂಡ ಹೋಗ್ರಿ."

ಹೇಳಿದೆ. ಅವ್ವ ನನ್ನ ಮೇಲೆ ಹರಿಹಾಯ್ದಳು. "ಆಕಿ ಮೂಸೂದು ಬ್ಯಾಡೋ ಯಪ್ಪಾ. ಸಾವಕಾರಗ ಏನಾತು, ನೋಡಲಿಲ್ಲೇನು? ಆಕಿ ನನ್ನ ಹೆಸರ ತಗದಳಂದ್ರ ಅಲ್ಲಿಗೆ ಮುಗೀತು. ಬ್ಯಾರೆ ಮನಿ ನೋಡ್ಕೋ ಅಂತ ಆಕೀಗೆ ಹೇಳಿಬಿಡು." ಅಪ್ಪನೂ ಅವಳ ಮಾತಿಗೇ ಸೇರಿದ. ಅವ್ವ ದಿನದಿನಕ್ಕೆ ಇಳಿಯುತ್ತಿದ್ದಳು, ರೊಟ್ಟಿಯನ್ನು ಹಾಲಿನಲ್ಲಿ ಕಲಸಿಕೊಂಡು ಒಂದೇ ದವಡೆಯಲ್ಲಿ ಅಗಿಯುತ್ತಿದ್ದಳು. ಅವಳು ಹೀಗೇ ಬಾಯಿ ಮುಚ್ಚಿಕೊಂಡು ಸಾಯುತ್ತಾಳೆಂದು ನನಗೆ ಖಾತ್ರಿಯಾಯಿತು.

ಮನೆ ಬಿಡಿ ಎಂದು ಹೇಳಲು ಹೋದ ನನ್ನ ಮುಖ ನೋಡಿಯೇ ಅಕ್ಕೋರಿಗೆ ತಿಳಿಯಿತು. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಯೋಚಿಸಿ, "ಶುಕ್ರವಾರ ಹೋಗ್ತೇನಿ ಅಂತ ಹೇಳ್ರಿ" ಎಂದರು. ಶುಕ್ರವಾರವೇ ಏಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮನೆ ಬಿಟ್ಟು ಹೊರಟ ಮುತ್ತೈದೆಯನ್ನು, ಅದೂ ಶುಕ್ರವಾರ, ಉಡಿ ತುಂಬದೆ ಕಳಿಸುವ ಧೈರ್ಯ ನಮ್ಮವ್ವನಿಗೆ ಇರಲಿಲ್ಲ. ಮುಂಜಾನೆ ಅಕ್ಕೋರು ಟ್ರಂಕು ಕಟ್ಟಿಟ್ಟು, ನಡುಮನೆಯಲ್ಲಿ ಮಣೆಯ ಮೇಲೆ ಕೂತು ಉಡಿಯೊಡ್ಡಿದರು. ಅವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಕುಬಸದ ಖಣ ತಂದಳು. ಒಂದು ಕೈಯಿಂದ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಉಡಿ ತುಂಬಲು ಎರಡೂ ಕೈ ಬೇಕು. ಅಲ್ಲಿಗೆ ಬಂದು ಅವ್ವ ನಿಂತಳು.

ಅಕ್ಕೋರು ಎಡಗೈಯ ಎರಡು ಬೆರಳಿನಿಂದ ತಮ್ಮ ಮೂಗನ್ನು ಬಿಗಿಯಾಗಿ ಹಿಡಿದುಕೊಂಡರು. "ಒಂದ ಕೈಲೆ ಉಡಿ ತುಂಬತಾರೇನ್ರಿ ಅವ್ವಾರ? ಸೆರಗ ಬಿಡ್ರಿ. ನಾ ಮೂಗ ಮುಚ್ಚಿಗೊಂಡೀನಿ, ನೋಡ್ರಿ" ಎಂದರು. ಮೂಗು ಕಟ್ಟಿದ ಆ ದನಿಗೆ ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ಅವ್ವ ತುಸು ಹೊತ್ತು ಅವರನ್ನೇ ನೋಡಿದಳು. ಸೆರಗು ಬಿಟ್ಟಳು. ಕುಂಕುಮ ಹಚ್ಚಿ, ಬೊಗಸೆ ತುಂಬಿ ಉಡಿಗೆ ಸುರಿದಳು. ನಾನು ಬಾಗಿಲಲ್ಲಿ ನಿಂತಿದ್ದೆ, ನನ್ನ ತನಕ ಬಂತು ವಾಸನೆ.

ಅಕ್ಕೋರು ಮೂಗಿನಿಂದ ಕೈ ತೆಗೆಯದೆ, ಪಕ್ಕದಲ್ಲಿದ್ದ ತಮ್ಮ ಚೀಲದಿಂದ ದುಂಡನೆಯ ಕನ್ನಡಿ ತೆಗೆದು ಅವ್ವನ ಕೈಯಲ್ಲಿಟ್ಟರು.

"ಇನ್ನ ಬಾಯಿ ತಗದು ನೀವ ನೋಡ್ಕೋರಿ. ನಾ ನೋಡೂದಿಲ್ಲ, ಮೂಸೂದಿಲ್ಲ. ನಿಮ್ಮ ಬಾಯಿ, ನಿಮ್ಮ ಕಣ್ಣು." ಹಾಗೆಂದು ಗೋಡೆಯ ಕಡೆ ತಿರುಗಿ ಕೂತರು.

ಅವ್ವ ಬಿಸಿಲಿಗೆ ಬಂದಳು. ತೋರುಬೆರಳಿನಿಂದ ಗಲ್ಲವನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ನನಗೂ ತೋರಿಸಿದಳು. ಒಳಗೆ ಗಲ್ಲದ ಮಾಂಸ ಬೆಳ್ಳಗೆ, ಅಂಚು ಎತ್ತಿಕೊಂಡು, ನಡುವೆ ಗುಳಿಬಿದ್ದಿತ್ತು.

"ತಮ್ಮಾ, ಹುಬ್ಬಳ್ಳಿ ಬಸ್ಸು ಎಷ್ಟೊತ್ತಿಗೈತಿ?" ಎಂದಳು ಅವ್ವ.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಗಲ್ಲದ ಒಂದು ಭಾಗ, ದವಡೆಯ ಒಂದು ತುಂಡು ತೆಗೆದರು. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ನಾವು ಮಾಡುವಂಥದ್ದು ಏನೂ ಇರುತ್ತಿರಲಿಲ್ಲ ಎಂದರು ಡಾಕ್ಟರು. ಆಮೇಲೆ ಕರೆಂಟು, ಅಂದರೆ ವಿಕಿರಣ, ಕೊಡುವುದಿತ್ತು, ಅದಕ್ಕಾಗಿ ಅವ್ವ ಹುಬ್ಬಳ್ಳಿಯಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದಳು. ಅಕ್ಕೋರ ಟ್ರಂಕು ಮುಂದಿನ ಖೋಲಿಗೆ ವಾಪಸು ಹೋಯಿತು, ಮನೆ ಬಿಡುವ ಮಾತನ್ನು ಯಾರೂ ಎತ್ತಲಿಲ್ಲ.

ನಮ್ಮವ್ವ ಬದುಕಿದಳೆಂಬ ಸುದ್ದಿ ಬಂತಲ್ಲ, ಇನ್ನಾದರೂ ಊರಿಗೆ ಬುದ್ಧಿ ಬಂದೀತು ಎಂದುಕೊಂಡೆ. ಬಂದದ್ದು ಬೇರೆ. ಅಕ್ಕೋರು ಮೂಗು ಮುಚ್ಚಿಕೊಂಡಿದ್ದಕ್ಕೇ ಅವಳು ಉಳಿದಳು ಎಂದಿತು ಊರು. ಇದನ್ನು ಓಣಿ ಓಣಿಗೆ ಸಾರಿದವಳು ಗಂಗವ್ವ. ಕಡೆಗೆ ನಮ್ಮ ಹೆಡ್‌ಮಾಸ್ತರರೂ ಅಕ್ಕೋರನ್ನು ಕರೆದು, ಊರವರ ಸಮಾಧಾನಕ್ಕಾದರೂ ಇನ್ನು ಮೇಲೆ ಮಂದಿಯ ನಡುವೆ ಇರುವಾಗ ಮೂಗಿಗೆ ಸೆರಗು ಹಿಡಿಯಿರಿ ಎಂದರು. ನಾನು ಕೂಗಾಡಿದೆ. ಅಕ್ಕೋರು ಮಾತ್ರ "ಆತ್ರಿ" ಎಂದು ಬಿಟ್ಟರು. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಸರಿಬರಲಿಲ್ಲ.

ಆ ಬೇಸಿಗೆಯಲ್ಲಿ ನನಗೂ ಅಪ್ಪನಿಗೂ ರೊಟ್ಟಿ ಮಾಡಿಕೊಡಲು ಗಂಗವ್ವ ಬರುತ್ತಿದ್ದಳು. ಕೆಲಸ ಮುಗಿಸಿ ಮಧ್ಯಾಹ್ನವೆಲ್ಲ ಅಕ್ಕೋರ ಖೋಲಿಯಲ್ಲಿ ಕೂತು ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಅವಳಿಗೀಗ ಹೆದರಿಕೆಯಿರಲಿಲ್ಲ, ಅಕ್ಕೋರ ಮೂಗಿನ ಮೇಲೆ ಸೆರಗಿತ್ತಲ್ಲ. ಒಂದೇ ಕೌದಿಯ ಮೇಲೆ ಇಬ್ಬರೂ ತಲೆಗೆ ತಲೆ ತಾಗುವಂತೆ ಬಾಗಿ ಹೊಲಿಯುವುದನ್ನು ನಾನೇ ಕಂಡಿದ್ದೇನೆ.

ಮಳೆ ಹಿಡಿಯುವ ಹೊತ್ತಿಗೆ ಅವ್ವ ಬಂದಳು. ಮುಖದ ಒಂದು ಬದಿ ಗುಳಿಬಿದ್ದು, ತುಟಿ ಓರೆಯಾಗಿ, ಮಾತು ತೊದಲುತ್ತಿತ್ತು. ಅವಳನ್ನು ಕಂಡು ಅಕ್ಕೋರು ಅತ್ತರು. ಮರುದಿನ ಅವ್ವ ಹಿತ್ತಲಿನ ಗೋಡೆಯ ಹತ್ತಿರ ಗಂಗವ್ವನನ್ನು ಮಾತಾಡಿಸಲು ಹೋದವಳು ಕೂಡಲೇ ತಿರುಗಿ ಬಂದು, ಅಕ್ಕೋರ ಖೋಲಿಯಲ್ಲಿ ಕುಸಿದು ಕೂತಳು.

"ಅಕ್ಕೋರ, ಗಂಗವ್ವನ ಬಾಯಿ ನನ್ನ ಬಾಯಿ ಇದ್ದಂಗ ಐತ್ರಿ. ಅದ ವಾಸನಿ. ನಾ ಸತ್ರೂ ಮರಿಯೂದಿಲ್ಲ ಅದನ್ನ."

ಅಕ್ಕೋರು ತಲೆಯೆತ್ತದೆ ಹೇಳಿದರು, "ನೀವ ಹೋಗಿ ಹೇಳ್ರಿ ಅವ್ವಾರ. ನಾ ಹೇಳಿದ್ರ ಕೇಳೂದಿಲ್ಲ ಆಕಿ."

ಅವ್ವ ಹೋದಳು. ಗಂಗವ್ವ ಬಾಗಿಲಲ್ಲೇ ತಡೆದು ಕೂಗಿದ್ದು ನಮ್ಮ ಮನೆಯ ತನಕ ಕೇಳಿಸಿತು. "ಅಕ್ಕೋರು ನಿನ್ನ ಮೂಸಲಿಲ್ಲ, ನೀ ಉಳದಿ. ಈಗ ನೀ ನನ್ನ ಮೂಸಾಕ ಬಂದಿಯೇನು? ಆ ಮಾರಿ ತಗೊಂಡು ನನ್ನ ಹೊಸ್ತಲಾ ತುಳೀಬ್ಯಾಡ!"

ಅವ್ವ ಮತ್ತೆ ಮತ್ತೆ ಹೋದಳು, ಕನ್ನಡಿ ಹಿಡಿದುಕೊಂಡು ಹೋದಳು. ಬಾಗಿಲು ತೆರೆಯಲಿಲ್ಲ. ಗೋಡೆಯಾಚೆ ತಂಬಾಕು ಹುರಿಯುವ ಹೊಗೆ ಮಾತ್ರ ಮೊದಲಿಗಿಂತ ಹೆಚ್ಚಾಗಿ ಏಳತೊಡಗಿತು. ಮುಂದಿನ ಬೇಸಿಗೆಯ ಹೊತ್ತಿಗೆ ಗಂಗವ್ವ ನೀರು ನುಂಗಲಾರದೆ ಸತ್ತಳು.

ಮಣ್ಣು ಮಾಡಿದ ಸಂಜೆ ನಾನು ಅವ್ವನ ಜೊತೆ ಮನೆಗೆ ನಡೆದು ಬರುತ್ತಿದ್ದೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅಕ್ಕೋರು ನಮ್ಮ ಜೊತೆಗಿರಲಿಲ್ಲ. ಹಿಡಿದದ್ದು ನಮ್ಮವ್ವನನ್ನು ನೋಡಿ. ಅವ್ವ ನಿಂತು ಸುತ್ತಲೂ ಒಮ್ಮೆ ನೋಡಿದಳು. ಅವಳಿಗೆ ಅರ್ಥವಾಯಿತು, ನನಗೂ ಆಯಿತು. ಮನೆಗೆ ಬಂದವಳೇ ಕಾಲು ಕೂಡ ತೊಳೆಯದೆ ಅಕ್ಕೋರ ಎದುರು ಹೋಗಿ ಕೂತಳು.

"ಇಷ್ಟ ವರ್ಷ ಹೆಂಗ ತಡಕೊಂಡ್ರಿ ಅಕ್ಕೋರ, ಇದನ್ನ?" ಎಂದಳು.

ಮನೆಯೊಳಗೂ ಅವರ ಸೆರಗು ಮೂಗಿನ ಮೇಲೇ ಇತ್ತು.

"ತಡಕೊಳ್ಳಲಿಲ್ರಿ ಅವ್ವಾರ. ಹೋದ ಬ್ಯಾಸಗಿ ಪೂರ್ತಿ ಗಂಗವ್ವ ನನ್ನ ಬಾಜೂಕ ಕುಂತು ಕೌದಿ ಹೊಲದ್ಲು. ಆಗ ಹೇಳಿದ್ರ ಉಳೀತಿದ್ಲೋ ಏನೋ. ನಾ ಸೆರಗ ತಗೀಲಿಲ್ಲ. ಊರು ಹೇಳಿತ್ತಂತ ಅಲ್ರಿ. ಗೊತ್ತಾಗೂದ ಬ್ಯಾಡ ಅಂತ ನಾನ ಮುಚ್ಚಿಗೊಂಡಿದ್ದೆ."